ಉಲ್ಲೇಖದ ಲೆಕ್ಕವೂ ವಿದ್ಯೆಯ ಋಣವೂ



ಇಂದು ಪದವಿಯನ್ನು ಸ್ವೀಕರಿಸಿ ವೈದ್ಯವಿಜ್ಞಾನದ ಪ್ರಯೋಗಶಾಲೆಗಳನ್ನು ಪ್ರವೇಶಿಸಲಿರುವ ಸ್ನಾತಕರಾದ ನಿಮಗೆ ಇನ್ನು ಮುಂದೆ ನೇಮಕಾತಿಯ ಸಂದರ್ಶನದಲ್ಲಿಯೂ, ಬಡ್ತಿಯ ಸಮಿತಿಯ ಮುಂದೆಯೂ, ಅನುದಾನದ ಅರ್ಜಿಯಲ್ಲಿಯೂ ತಪ್ಪದೆ ಎದುರಾಗುವ ಪ್ರಶ್ನೆಯೊಂದುಂಟು: ನೀವು ಪ್ರಕಟಿಸಿದ ಪ್ರಬಂಧಗಳೆಷ್ಟು, ಅವನ್ನು ಉಲ್ಲೇಖಿಸಿದವರೆಷ್ಟು ಮಂದಿ? ಪ್ರಶ್ನೆಯನ್ನು ನಾನು ಹಳಿಯಲಾರೆ. 1960ರ ದಶಕದಲ್ಲಿ ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಅವರು ಯಾವ ಪ್ರಬಂಧವು ಯಾವುದನ್ನು ಆಧರಿಸಿದೆಯೆಂಬ ಬೃಹತ್ ಸೂಚಿಯನ್ನು ಹೊರತಂದಾಗ, ವಿಚಾರಗಳ ವಂಶಾವಳಿಯನ್ನು ಅರಸುವ ವಿದ್ವಾಂಸನಿಗೆ ಅದು ಮಹೋಪಕಾರವೇ ಆಯಿತು. ಆದರೆ ಮಾರ್ಗದರ್ಶಿಯಾಗಿ ಬಂದದ್ದು ಕ್ರಮೇಣ ನ್ಯಾಯಾಧೀಶನ ಪೀಠವನ್ನೇರಿತು. 2005ರಲ್ಲಿ ಭೌತವಿಜ್ಞಾನಿ ಹಿರ್ಷ್ ಅವರು ಎಚ್-ಸೂಚ್ಯಂಕವನ್ನು ಮುಂದಿಟ್ಟರು. ತಲಾ ಇಪ್ಪತ್ತು ಬಾರಿಯಾದರೂ ಉಲ್ಲೇಖಗೊಂಡ ಇಪ್ಪತ್ತು ಪ್ರಬಂಧಗಳುಳ್ಳವನ ಸೂಚ್ಯಂಕ 20. ಒಬ್ಬ ಮನುಷ್ಯನ ಆಯುಷ್ಯದ ದುಡಿಮೆಯನ್ನು ಎರಡು ಅಂಕೆಗಳಲ್ಲಿ ಅಡಕಗೊಳಿಸುವ ಈ ಸೌಕರ್ಯವನ್ನು ಯಾವ ಸಮಿತಿ ತಾನೇ ಬೇಡವೆಂದೀತು?

ಆದರೆ ಈ ಅಂಕೆಗಳಿಗೆ ಸಿಕ್ಕದ ಸಾಧನೆಗಳುಂಟು. ಬೆಂಗಳೂರಿನ ಮೇಖ್ರಿ ವೃತ್ತದಿಂದ ಯಶವಂತಪುರದತ್ತ ಸಾಗುವ ರಸ್ತೆಗೆ ಸರ್ ಸಿ.ವಿ. ರಾಮನ್ ಅವರ ಹೆಸರಿದೆ. ಆ ರಸ್ತೆಯ ಮಗ್ಗುಲಿಗಿರುವ ಭಾರತೀಯ ವಿಜ್ಞಾನ ಸಂಸ್ಥೆಗೆ 1942ರಲ್ಲಿ ವಿದ್ಯುತ್ ಎಂಜಿನಿಯರಿಂಗ್ ವಿದ್ಯಾರ್ಥಿಯಾಗಿ ಬಂದು, ರಾಮನ್ನರ ಶಿಷ್ಯತ್ವವನ್ನು ವಹಿಸಿ ಭೌತವಿಜ್ಞಾನಕ್ಕೆ ಒಲಿದ ತರುಣ ಜಿ.ಎನ್. ರಾಮಚಂದ್ರನ್, ಮುಂದೆ ಮದರಾಸು ವಿಶ್ವವಿದ್ಯಾನಿಲಯದಲ್ಲಿದ್ದುಕೊಂಡು, 1954ರಲ್ಲಿ ಗೋಪಿನಾಥ ಕರ್ತಾ ಅವರೊಡನೆ ಕೊಲಾಜನ್ ಎಂಬ ಪ್ರೋಟೀನಿನ ತ್ರಿವಳಿ ಸುರುಳಿಯ ರಚನೆಯನ್ನು ಪ್ರತಿಪಾದಿಸಿದರು, 1963ರಲ್ಲಿ ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಡಗೂಡಿ, ಪ್ರೋಟೀನಿನ ಸರಪಳಿಯು ಪರಮಾಣುಗಳು ಒಂದನ್ನೊಂದು ತಾಕದಂತೆ ಯಾವ ಯಾವ ಕೋನಗಳಲ್ಲಿ ಹೊರಳಬಲ್ಲುದೆಂಬುದನ್ನು ಒಂದು ನಕ್ಷೆಯಲ್ಲಿ ತೋರಿಸಿದರು. ಪ್ರಬಂಧದ ಗಾತ್ರ ಐದು ಪುಟ. ಇಂದು ಲೋಕದ ಯಾವ ಮೂಲೆಯಲ್ಲಿ ಹೊಸ ಪ್ರೋಟೀನಿನ ರಚನೆಯನ್ನು ಬಿಡಿಸಿದರೂ ಅದು ಸಾಧುವೇ ಎಂದು ಒರೆಹಚ್ಚುವುದು ರಾಮಚಂದ್ರನ್ ನಕ್ಷೆಯ ಮೇಲೆಯೇ. ಆ ಹೆಸರು ನಿತ್ಯದ ಮಾತಾಗಿಬಿಟ್ಟಿರುವುದರಿಂದ, ಅದನ್ನು ಬಳಸುವ ಬಹುಮಂದಿ ಮೂಲಪ್ರಬಂಧವನ್ನು ಉಲ್ಲೇಖಿಸುವ ಗೋಜಿಗೇ ಹೋಗುವುದಿಲ್ಲ. ಕೀರ್ತಿಯ ಪರಮಾವಧಿಯಲ್ಲಿ ಲೆಕ್ಕವು ನಿಂತುಹೋಗುತ್ತದೆ. ಇನ್ನೂ ಒಂದು ವಿನೋದವುಂಟು: ಎಷ್ಟು ಸಾವಿರ ಉಲ್ಲೇಖಗಳು ಬಂದರೂ ಆ ಐದು ಪುಟಗಳು ಎಚ್-ಸೂಚ್ಯಂಕಕ್ಕೆ ಕೂಡಿಸುವುದು ಒಂದೇ ಒಂದನ್ನು. ಎಪ್ಪತ್ತರ ದಶಕದ ಆದಿಯಲ್ಲಿ ಬೆಂಗಳೂರಿಗೆ ಮರಳಿದ ರಾಮಚಂದ್ರನ್ ಅಣುಜೀವಭೌತ ವಿಭಾಗವನ್ನು ಸ್ಥಾಪಿಸಿದ್ದಲ್ಲದೆ, 1971ರಲ್ಲಿ ಎ.ವಿ. ಲಕ್ಷ್ಮೀನಾರಾಯಣನ್ ಅವರೊಡನೆ, ಎಕ್ಸ್-ರೇ ನೆರಳುಗಳಿಂದ ಒಳಗಿನ ಆಕೃತಿಯನ್ನು ಪುನರ್ನಿರ್ಮಿಸುವ ಸುಲಭತರವಾದ ಗಣಿತವಿಧಾನವನ್ನೂ ಪ್ರಕಟಿಸಿದರು. ಅದೇ ಬಗೆಯ ಗಣಿತವು ಸಿ.ಟಿ. ಸ್ಕ್ಯಾನ್ ಯಂತ್ರಗಳಲ್ಲಿ ದೀರ್ಘಕಾಲ ದುಡಿದಿದೆ. ಸ್ಕ್ಯಾನಿಗೆಂದು ಮಲಗಿದ ರೋಗಿ ಯಾರನ್ನೂ ಉಲ್ಲೇಖಿಸತಕ್ಕವನಲ್ಲ.

ಕಲ್ಕತ್ತೆಯ ಶಂಭುನಾಥ ಡೇ ಅವರದು ಇದಕ್ಕೆ ವಿಪರೀತವಾದ ಕಥೆ. ಕಾಲರಾದ ರೋಗಾಣುವು ಕರುಳಿನಲ್ಲಿ ವಿಷವೊಂದನ್ನು ಸ್ರವಿಸಿ ದೇಹದ ನೀರನ್ನು ಬಸಿಯುತ್ತದೆಂಬುದನ್ನು ಅವರು 1959ರಲ್ಲಿ, ಮೊಲದ ಕರುಳಿನ ಮೇಲಿನ ಪ್ರಯೋಗದಿಂದ ದೃಢಪಡಿಸಿದರು. ಕೆಲವು ವರ್ಷಗಳ ಕಾಲ ಅದನ್ನು ಉಲ್ಲೇಖಿಸಿದವರು ವಿರಳ. ಆ ವರ್ಷಗಳಲ್ಲಿ ಯಾವುದಾದರೂ ಸಮಿತಿಯು ಅಂಕೆಗಳನ್ನು ಮಾತ್ರ ನೋಡಿದ್ದರೆ ಆ ಸಾಧನೆಯನ್ನು ಗೌಣವೆಂದೇ ಎಣಿಸುತ್ತಿತ್ತು. ಅವರು 1985ರಲ್ಲಿ ತೀರಿಕೊಂಡ ಮರುವರ್ಷ, ಅವರ ಹಿರಿಮೆಯನ್ನು ಬರೆದು ಲೋಕಕ್ಕೆ ಸಾರಿದವರಲ್ಲಿ ಉಲ್ಲೇಖಸೂಚಿಯ ಜನಕ ಗಾರ್ಫೀಲ್ಡರೇ ಒಬ್ಬರು. ಸೂಚಿಯನ್ನು ಕಟ್ಟಿದವರಿಗೆ ಅದರ ಮಿತಿ ತಿಳಿದಿತ್ತು. ಅದನ್ನು ಆರಾಧಿಸುವ ನಮಗೆ ತಿಳಿಯದೆ ಹೋಯಿತು.

ಪ್ರಬಂಧದ ರೂಪವನ್ನೇ ತಾಳದ ದುಡಿಮೆಯೂ ಉಂಟು. ಬೆಂಗಳೂರಿನ ಹೆಬ್ಬಾಳದಲ್ಲಿ, 1925ರಲ್ಲಿ ಮೈಸೂರು ಸಂಸ್ಥಾನವು ಸೀರಂ ಸಂಸ್ಥೆಯೊಂದನ್ನು ಸ್ಥಾಪಿಸಿತು. ಹಳ್ಳಿಗರು ದೊಡ್ಡರೋಗವೆನ್ನುತ್ತಿದ್ದ ದನಗಳ ಮಾರಿಯನ್ನು ತಡೆಯುವುದು ಅದರ ಆದ್ಯ ಕಾರ್ಯವಾಗಿತ್ತು. ಆ ರೋಗವು ಭೂಮಂಡಲದಿಂದಲೇ ನಿರ್ಮೂಲವಾಯಿತೆಂದು 2011ರಲ್ಲಿ ಘೋಷಿಸಲಾಯಿತು. ಸೀರಮ್ಮಿನ ಸೀಸೆಗಳನ್ನು ತುಂಬಿದವರಿಗೂ, ಲಸಿಕೆಯನ್ನು ಹೊತ್ತು ಊರೂರು ಅಲೆದ ಪಶುವೈದ್ಯರಿಗೂ ಯಾವ ಸೂಚ್ಯಂಕವುಂಟು? ಬದುಕುಳಿದ ಎತ್ತುಗಳೇ ಅವರ ಪ್ರಕಟಣೆ.

ಆದಕಾರಣ ಪ್ರಬಂಧಗಳನ್ನು ಬರೆಯಬೇಡಿರೆಂದು ನಾನು ಹೇಳುತ್ತಿಲ್ಲ. ಕಂಡುದನ್ನು ಪ್ರಕಟಿಸದಿರುವುದೂ ಒಂದು ಬಗೆಯ ಕಾರ್ಪಣ್ಯವೇ. ಆದರೆ ಒಂದು ಪ್ರಬಂಧಕ್ಕೆ ಸಾಲುವ ವಿಷಯವನ್ನು ಮೂರಾಗಿ ಸೀಳುವುದು, ದುಡಿಯದವರ ಹೆಸರನ್ನು ಮರ್ಯಾದೆಗಾಗಿ ಸೇರಿಸುವುದು, ಹಣ ತೆತ್ತವರದನ್ನೆಲ್ಲ ಅಚ್ಚುಹಾಕುವ ಪತ್ರಿಕೆಗಳ ಬಾಗಿಲಿಗೆ ಹೋಗುವುದು, ಗೆಳೆಯರು ಪರಸ್ಪರ ಉಲ್ಲೇಖಿಸಿಕೊಂಡು ಬೆಳೆಯುವುದು ಇವೆಲ್ಲ ನಮ್ಮ ವಿದ್ಯಾಸಂಸ್ಥೆಗಳಿಗೆ ತಗಲಿರುವ ವ್ಯಾಧಿಗಳೆಂಬುದನ್ನು ಈ ವೇದಿಕೆಯಿಂದ ಹೇಳದೆ ಬಿಟ್ಟರೆ ನಾನು ವಂಚಕನಾಗುತ್ತೇನೆ. ನಾಳೆ ನಿಮ್ಮಲ್ಲಿ ಕೆಲವರು ಅದೇ ಸಮಿತಿಗಳಲ್ಲಿ ಕುಳಿತುಕೊಳ್ಳುವಿರಿ. ಆಗ ಅಭ್ಯರ್ಥಿಯ ಅಂಕೆಯನ್ನು ಕೇಳುವುದಕ್ಕೆ ಮೊದಲು ಅವನ ಒಂದು ಪ್ರಬಂಧವನ್ನಾದರೂ ಆದ್ಯಂತವಾಗಿ ಓದಿಬನ್ನಿ. ನೀವೇ ಬರೆಯುವಾಗ, ಓದದ ಯಾವ ಪ್ರಬಂಧವನ್ನೂ ಉಲ್ಲೇಖಿಸಬೇಡಿ, ಋಣಿಗಳಾಗಿರುವ ಯಾವುದನ್ನೂ ಬಿಡಬೇಡಿ.