ಶಸ್ತ್ರಚಿಕಿತ್ಸೆಯ ನಂತರದ ಎಚ್ಚರವೂ ಹೊಣೆಗಾರಿಕೆಯೇ

(ಮಸೀದಿಯೊಂದರ ಆರೋಗ್ಯ ಜಾಗೃತಿ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮೂತ್ರಪಿಂಡದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾಗಿ ಐದು ವರ್ಷ ಕಳೆದರೆ ರೋಗ ತೊಲಗಿತೆಂದೇ ನಮ್ಮ ಮನೆಗಳಲ್ಲಿ ಭಾವಿಸಲಾಗುತ್ತದೆ. ಅನೇಕರ ಪಾಲಿಗೆ ಅದು ನಿಜವೂ ಹೌದು. ಆದರೆ ಈ ರೋಗವು ಹತ್ತು, ಕೆಲವೊಮ್ಮೆ ಇಪ್ಪತ್ತು ವರ್ಷಗಳ ಬಳಿಕವೂ ಮರುಕಳಿಸುವುದುಂಟು. ಹಾಗೆ ತಡವಾಗಿ ಕಾಣಿಸಿಕೊಳ್ಳುವ ಅಂಗಗಳಲ್ಲಿ ಮೇದೋಜೀರಕ ಗ್ರಂಥಿಯೂ ಒಂದು. ಇದು ಅಪರೂಪ. ಅನೇಕರಲ್ಲಿ ಯಾವ ನೋವೂ ಇರುವುದಿಲ್ಲ, ಸ್ಕ್ಯಾನಿಂಗ್‌ನಲ್ಲಷ್ಟೇ ಗೋಚರಿಸುತ್ತದೆ. ಕೆಲವರಲ್ಲಿ ಕಾಮಾಲೆ, ಹೊಟ್ಟೆನೋವು, ತೂಕ ಇಳಿಕೆ ಅಥವಾ ಕರುಳಿನ ರಕ್ತಸ್ರಾವ ಕಾಣಿಸಬಹುದು.

ಇಲ್ಲಿಯೇ ಹಳೆಯ ಕಡತದ ಮಹತ್ವವಿರುವುದು. ಹಿಂದಿನ ಶಸ್ತ್ರಚಿಕಿತ್ಸೆಯ ವಿಷಯ ವೈದ್ಯರಿಗೆ ತಿಳಿಯದಿದ್ದರೆ, ಆ ಗಡ್ಡೆಯನ್ನು ಮೇದೋಜೀರಕದ್ದೇ ಕ್ಯಾನ್ಸರ್ ಎಂದು ಭಾವಿಸುವ ಸಾಧ್ಯತೆಯಿದೆ. ಎರಡೂ ಒಂದೇ ಅಲ್ಲ. ಮೂತ್ರಪಿಂಡದಿಂದ ಹರಡಿದ ಗಡ್ಡೆಯಿರುವವರು ಸಾಮಾನ್ಯವಾಗಿ ಹೆಚ್ಚು ಕಾಲ ಬದುಕುತ್ತಾರೆ. ಕೆಲವರಿಗೆ ಶಸ್ತ್ರಚಿಕಿತ್ಸೆ ಸಾಧ್ಯ. ಅಮೆರಿಕದಲ್ಲಿ 2006ರಲ್ಲಿ ಅನುಮೋದನೆ ಪಡೆದ ಸುನಿಟಿನಿಬ್‌ನಂತಹ ಮಾತ್ರೆಗಳೂ, ನಂತರ ಬಂದ ರೋಗನಿರೋಧಕ ಶಕ್ತಿಯನ್ನು ಚುರುಕುಗೊಳಿಸುವ ಔಷಧಗಳೂ ಇವೆ. ಗಡ್ಡೆಯ ತುಣುಕನ್ನು ಹಳೆಯ ವರದಿಯೊಂದಿಗೆ ಹೋಲಿಸಿ ನೋಡುವುದರಿಂದ ದಾರಿ ಸ್ಪಷ್ಟವಾಗುತ್ತದೆ.

ಆದರೆ ನಾವು ಮಾಡುತ್ತಿರುವುದೇನು? ಮನೆ ಬದಲಿಸುವಾಗ ಆಸ್ಪತ್ರೆಯ ಕಾಗದಗಳನ್ನು ರದ್ದಿಗೆ ಹಾಕುತ್ತೇವೆ. ಮಗಳ ಸಂಬಂಧ ಕೆಟ್ಟೀತೆಂದು ತಾಯಿಯ ಕಾಯಿಲೆಯನ್ನು ಮುಚ್ಚಿಡುತ್ತೇವೆ. ಮದುವೆಯ ಊಟಕ್ಕೆ ಲಕ್ಷ ಸುರಿಯುವ ಮನೆಯಲ್ಲಿ ಅದೇ ತಾಯಿಯ ವಾರ್ಷಿಕ ತಪಾಸಣೆ ದುಂದುವೆಚ್ಚವೆನಿಸುತ್ತದೆ. ತಾಯತ ಕಟ್ಟಿ ಕುಳಿತು ಅದನ್ನು ತವಕ್ಕುಲ್ ಎನ್ನುತ್ತೇವೆ. ಚಿಕಿತ್ಸೆ ಪಡೆಯಿರೆಂದು ಕಲಿಸಿದ ಪ್ರವಾದಿ(ಸ)ಯವರ ಅನುಯಾಯಿಗಳಿಗೆ ಇದು ಶೋಭೆಯೇ?

ಬೆಂಗಳೂರಿನ ಕಿದ್ವಾಯಿ ಗ್ರಂಥಿ ಸಂಸ್ಥೆಯು ಸ್ವಾತಂತ್ರ್ಯ ಹೋರಾಟಗಾರ ರಫಿ ಅಹ್ಮದ್ ಕಿದ್ವಾಯಿಯವರ ಹೆಸರನ್ನು ಹೊತ್ತಿದೆ. ಆ ಹೆಸರಿಗೆ ಹೆಮ್ಮೆಪಡುವ ನಾವು ಬಡ ರೋಗಿಯನ್ನು ಅದರ ಬಾಗಿಲವರೆಗೆ ತಲುಪಿಸುವ ಹೊಣೆಯನ್ನೂ ಹೊರಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಂತಹ ಯೋಜನೆಗಳ ಮಾಹಿತಿಯನ್ನು ಜಮಾಅತ್‌ಗಳು ಮನೆಮನೆಗೆ ಮುಟ್ಟಿಸಲಿ. ಅರ್ಹರ ತಪಾಸಣೆ, ಪ್ರಯಾಣದ ವೆಚ್ಚಕ್ಕೆ ಝಕಾತ್‌ನ ಪಾಲು ಸಲ್ಲಲಿ. ಸರಕಾರವೂ ಜಿಲ್ಲೆಗಳಲ್ಲೇ ತಜ್ಞ ಸೇವೆ ಒದಗಿಸಲೆಂದು ನಾವು ಒಕ್ಕೊರಲಿನಿಂದ ಆಗ್ರಹಿಸೋಣ.

ಶಸ್ತ್ರಚಿಕಿತ್ಸೆಯಾದವರು ಎಷ್ಟು ಕಾಲ, ಎಷ್ಟು ಬಾರಿ ತಪಾಸಣೆಗೆ ಬರಬೇಕೆಂದು ತಮ್ಮ ವೈದ್ಯರನ್ನೇ ಕೇಳಿ ತಿಳಿಯಲಿ. ಯಾವ ವೈದ್ಯರಲ್ಲಿಗೆ ಹೋದರೂ ಹಳೆಯ ರೋಗದ ಸಂಗತಿಯನ್ನು ಮೊದಲು ಹೇಳಲಿ. ದೇಹವು ಅಲ್ಲಾಹನ ಅಮಾನತ್ತು. ಅದನ್ನು ಕಾಪಾಡುವ ವಿವೇಕವನ್ನು ಅವನು ನಮಗೆ ಕರುಣಿಸಲಿ, ಆಮೀನ್.