ನೆನಪು ಕಟ್ಟುವ ಜೀವಕೋಶಗಳು



ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಗದಗ-ಬೆಟಗೇರಿಯವರಿಗೆ ಅದು ಮನೆಯ ಮಾತು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯಿಂದ ಬಸ್ಸಿನಲ್ಲಿ ಬರುವವರೂ ಒಮ್ಮೆಯಾದರೂ ಒಳಗೆ ಹೋಗಿ ಹಾಡು ಕೇಳಿರಬಹುದು. ಹುಟ್ಟಿನಿಂದಲೇ ದೃಷ್ಟಿಯಿಲ್ಲದ ಪಂಚಾಕ್ಷರಿ ಗವಾಯಿಗಳು (1892-1944) ಕಟ್ಟಿದ ಸಂಗೀತ ಪರಂಪರೆ ಅದು. ಎಳವೆಯಲ್ಲೇ ದೃಷ್ಟಿ ಕಳೆದುಕೊಂಡ ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914-2010) ಅದನ್ನು ಬೆಳೆಸಿದರು.

ಕೆಲವು ವರ್ಷಗಳ ಹಿಂದೆ ಚಿತ್ರೀಕರಣಕ್ಕೆಂದು ನಾನು ಅಲ್ಲಿ ಎರಡು ದಿನ ಇದ್ದೆ. ಗುರುಗಳು ಒಂದು ಸಾಲು ಹಾಡುವರು, ಹುಡುಗರು ಅದನ್ನು ಮರಳಿ ಹಾಡುವರು. ಎದುರಿಗೆ ಪುಸ್ತಕವಿಲ್ಲ, ಸ್ವರಲಿಪಿಯಿಲ್ಲ. ಒಬ್ಬ ಹುಡುಗ ಒಂದೇ ಕಡೆ ಮೂರು ಸಲ ತಪ್ಪಿದ. ಗುರುಗಳು ನಕ್ಕು, "ಇರಲಿ, ನಾಳೆ ನೋಡೋಣು" ಎಂದು ಮುಂದಿನ ಸಾಲಿಗೆ ಹೋದರು. ನಮ್ಮ ಕ್ಯಾಮೆರಾದವರು ನನ್ನ ಕಿವಿಯಲ್ಲಿ, "ಇವರ ತಲೆಯೊಳಗೆ ಟೇಪ್ ರೆಕಾರ್ಡರ್ ಇದೆ" ಎಂದರು.

ಆ ಹೋಲಿಕೆ ಚೆನ್ನಾಗಿದೆ, ಆದರೆ ತಪ್ಪು. ಟೇಪಿನಲ್ಲಿ ಎಷ್ಟು ಹಾಡು ಮುದ್ರಿಸಿದರೂ ಯಂತ್ರ ಹಾಗೆಯೇ ಇರುತ್ತದೆ. ಮಿದುಳು ಕಲಿತಂತೆಲ್ಲ ಅದರ ರಚನೆಯೇ ಬದಲಾಗುತ್ತದೆ.

ಮಿದುಳಿನ ಹಿಂಭಾಗದಲ್ಲಿ ಕಣ್ಣಿನಿಂದ ಬರುವ ಸುದ್ದಿಯನ್ನು ಪರಿಶೀಲಿಸುವ ಒಂದು ಪ್ರದೇಶವಿದೆ. ಕಣ್ಣು ಕಾಣದವರಲ್ಲಿ ಅದು ಸುಮ್ಮನೆ ಬಿದ್ದಿರಬೇಕಲ್ಲವೇ? ಹಾಗಿಲ್ಲ. ಎಳವೆಯಿಂದ ದೃಷ್ಟಿಯಿಲ್ಲದವರು ಬ್ರೈಲ್ ಓದುವಾಗ ಆ ಪ್ರದೇಶವೇ ಚುರುಕಾಗುತ್ತದೆ ಎಂದು 1996ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಹುಟ್ಟುಕುರುಡರು ಪದಗಳನ್ನು ನೆನಪಿಸಿಕೊಳ್ಳುವಾಗಲೂ ಅದು ಕೆಲಸ ಮಾಡುತ್ತದೆ, ಹೆಚ್ಚು ನೆನಪಿದ್ದವರಲ್ಲಿ ಹೆಚ್ಚು ಕೆಲಸ ಮಾಡುತ್ತದೆ ಎಂದು 2003ರ ಇನ್ನೊಂದು ಅಧ್ಯಯನ ತೋರಿಸಿತು. ಇವು ಗದಗಿನಲ್ಲಿ ನಡೆದ ಪ್ರಯೋಗಗಳಲ್ಲ. ಆದರೂ ಆ ಹುಡುಗರ ಹಾಡು ಕೇಳುವಾಗಲೆಲ್ಲ ನನಗೆ ಇವೇ ನೆನಪಾಗುತ್ತವೆ.

ಬದಲಾವಣೆ ಆಗುವುದು ಎಲ್ಲಿ? ಜೀವಕೋಶಗಳಲ್ಲಿ. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ದಾಟಿಸುವ ಜಾಗಕ್ಕೆ ಸಿನ್ಯಾಪ್ಸ್ ಎಂದು ಹೆಸರು. ಅಮೆರಿಕದ ಎರಿಕ್ ಕ್ಯಾಂಡೆಲ್ ನೆನಪನ್ನು ಅರಿಯಲು ಹಿಡಿದುಕೊಂಡದ್ದು ಅಪ್ಲೀಸಿಯಾ ಎಂಬ ಕಡಲಬಸವನ ಹುಳುವನ್ನು. ಅದರಲ್ಲಿ ಸುಮಾರು 20,000 ನರಕೋಶಗಳಷ್ಟೇ ಇವೆ, ಅವೂ ದೊಡ್ಡವು. ಕ್ಷಣಕಾಲದ ನೆನಪಿಗೆ ಇದ್ದ ಸಿನ್ಯಾಪ್ಸಿನಲ್ಲಿ ರಾಸಾಯನಿಕ ಬದಲಾವಣೆಯಾದರೆ ಸಾಕು. ದಿನಗಟ್ಟಲೆ ಉಳಿಯುವ ನೆನಪಿಗೆ ಕೋಶಕೇಂದ್ರಕ್ಕೆ ಸುದ್ದಿ ಹೋಗಬೇಕು, ಅಲ್ಲಿ ಜೀನುಗಳು ಎಚ್ಚರಗೊಳ್ಳಬೇಕು, ಹೊಸ ಪ್ರೋಟೀನುಗಳು ತಯಾರಾಗಿ ಹೊಸ ಸಿನ್ಯಾಪ್ಸುಗಳು ಬೆಳೆಯಬೇಕು. ಈ ಕೆಲಸಕ್ಕೆ ಅವರು 2000ದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ಅದೇ ಹುಳುವಿನಿಂದ ಬಂದ ಇನ್ನೊಂದು ಸಂಗತಿ ನಿಮಗೆ ಬೇಕಾದದ್ದು. ನಿರಪಾಯಕಾರಿ ಸ್ಪರ್ಶಕ್ಕೆ ಹೆದರಬೇಕಿಲ್ಲ ಎಂದು ಅದಕ್ಕೆ ಕಲಿಸಲಾಯಿತು. 40 ಸಲ ಒಂದೇ ಸಮನೆ ಮುಟ್ಟಿದಾಗ ಆ ಪಾಠ ಒಂದು ದಿನ ಉಳಿಯಿತು. ದಿನಕ್ಕೆ 10 ಸಲದಂತೆ ನಾಲ್ಕು ದಿನ ಮುಟ್ಟಿದಾಗ ವಾರಗಟ್ಟಲೆ ಉಳಿಯಿತು. ಸ್ಪರ್ಶದ ಲೆಕ್ಕ ಅಷ್ಟೇ, ಬಿಡುವು ಮಾತ್ರ ಬೇರೆ. ಬಿ.ಎಸ್‌ಸಿ. ಓದುವಾಗ ನನಗೆ ಇದು ತಿಳಿದಿರಲಿಲ್ಲ. ಇಡೀ ಪ್ರಾಣಿಶಾಸ್ತ್ರವನ್ನು ಒಂದೇ ರಾತ್ರಿ ಓದಿ, ಕಣ್ಣು ಮುಚ್ಚದೆ ಪರೀಕ್ಷೆಗೆ ಹೋದೆ. ಮೊದಲ ಪ್ರಶ್ನೆಯೇ ನರಕೋಶದ ಚಿತ್ರ. ಕೋಶವನ್ನೇನೋ ಬರೆದೆ, ಅದರ ಭಾಗಗಳ ಹೆಸರು ಒಂದೂ ಬರಲಿಲ್ಲ!

ನಿದ್ದೆಗೆಟ್ಟದ್ದೂ ತಪ್ಪೇ. ಹಗಲು ಓಡಾಡುವಾಗ ಇಲಿಯ ಹಿಪ್ಪೊಕ್ಯಾಂಪಸ್ಸಿನಲ್ಲಿ ಜೊತೆಯಾಗಿ ಕೆಲಸ ಮಾಡಿದ ನರಕೋಶಗಳು ಅದು ಮಲಗಿದಾಗ ಮತ್ತೆ ಜೊತೆಯಾಗಿ ಮಿಡಿಯುವುದನ್ನು 1994ರಲ್ಲೇ ಗುರುತಿಸಿದ್ದರು. ಹಿಪ್ಪೊಕ್ಯಾಂಪಸ್ ಎಂದರೆ ಹೊಸ ನೆನಪು ಮೂಡಲು ಬೇಕಾದ, ಕಿವಿಯ ಒಳಮಗ್ಗುಲಿನ ಮಿದುಳಿನ ಭಾಗ.

ಈಗ ಭಯದ ಮಾತಿಗೆ ಬರೋಣ. "ನನಗೆ ತಲೆಯೇ ಇಲ್ಲ" ಎಂದು ಅಳುವ ಮಕ್ಕಳನ್ನು ಫೆಬ್ರವರಿ-ಮಾರ್ಚ್ ತಿಂಗಳಲ್ಲಿ ಪ್ರತಿ ಊರಿನಲ್ಲೂ ಕಾಣಬಹುದು. ಈ ಬಗ್ಗೆ ಮಹತ್ವದ ಸಂಶೋಧನೆ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ, ನಿಮ್ಹಾನ್ಸ್‌ನ ಬಿ. ಎಸ್. ಶಂಕರನಾರಾಯಣ ರಾವ್ ಮತ್ತು ಸಂಗಡಿಗರು ಇಲಿಗಳನ್ನು ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗಾಡದಂತೆ ಇಟ್ಟರು. 2002ರಲ್ಲಿ ಪ್ರಕಟವಾದ ಫಲಿತಾಂಶ ವಿಚಿತ್ರವಾಗಿತ್ತು. ಹಿಪ್ಪೊಕ್ಯಾಂಪಸ್ಸಿನ ನರಕೋಶಗಳ ಕೊಂಬೆಗಳು ಮೊಟಕಾಗಿದ್ದವು. ಭಯವನ್ನು ನೋಡಿಕೊಳ್ಳುವ ಅಮಿಗ್ಡಲದ ನರಕೋಶಗಳ ಕೊಂಬೆಗಳು ಮಾತ್ರ ಹಬ್ಬಿದ್ದವು. ಒಂದೇ ಒತ್ತಡ ಕಲಿಯುವ ಜಾಗವನ್ನು ಒಣಗಿಸಿ, ಹೆದರುವ ಜಾಗಕ್ಕೆ ನೀರೆರೆದಿತ್ತು.

ಇಲಿಗಳನ್ನು 21 ದಿನ ನೆಮ್ಮದಿಯಾಗಿ ಬಿಟ್ಟಾಗ ಹಿಪ್ಪೊಕ್ಯಾಂಪಸ್ ಚೇತರಿಸಿಕೊಂಡಿತು, ಅಮಿಗ್ಡಲ ಚೇತರಿಸಿಕೊಳ್ಳಲಿಲ್ಲ. ಹಬ್ಬಿದ ಕೊಂಬೆಗಳು ಹಾಗೆಯೇ ಉಳಿದವು, ಇಲಿಗಳ ಅಂಜಿಕೆಯೂ ಉಳಿಯಿತು. ಇಲಿ ಮನುಷ್ಯನಲ್ಲ, ನಿಜ. ಆದರೂ ಅಂಕ ಕಡಿಮೆ ಬಂದರೆ ಮನೆಗೆ ಬರಬೇಡ ಎನ್ನುವ ಹಿರಿಯರು ಈ ಪುಟವನ್ನು ಓದಲಿ ಎಂದು ನನಗೆ ಆಸೆ. ನೀವೇ ತೋರಿಸಿದರೂ ಆದೀತು.

ನಿಮ್ಹಾನ್ಸ್‌ನಲ್ಲೇ ನಡೆದು 2009ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಒತ್ತಡಕ್ಕೆ ಒಳಗಾದ ಇಲಿಗಳನ್ನು ವಿಶಾಲವಾದ ಗೂಡಿನಲ್ಲಿ ಆಟದ ಸಾಮಾನು, ಜೊತೆಗಾರರ ನಡುವೆ ಬಿಟ್ಟರು. ಕುಗ್ಗಿದ್ದ ಕಲಿಕೆ ಸುಧಾರಿಸಿತು, ಹಿಪ್ಪೊಕ್ಯಾಂಪಸ್ಸಿನಲ್ಲಿ ಹೊಸ ಕೋಶಗಳ ಹುಟ್ಟೂ ಮೊದಲಿನಂತಾಯಿತು. ಪರೀಕ್ಷೆ ಬಂದೊಡನೆ ಅಂಗಡಿಯಲ್ಲಿ ಸಾಲಾಗಿ ನಿಲ್ಲುವ ನೆನಪಿನ ಟಾನಿಕ್ ಬಾಟಲಿಗಳಲ್ಲಿ ನನಗೆ ವಿಶ್ವಾಸವಿಲ್ಲ. ಸಂಜೆ ಗೆಳೆಯರೊಡನೆ ಒಂದು ಗಂಟೆ ಆಡುವುದರಲ್ಲಿ ಇದೆ.

ಪುಣ್ಯಾಶ್ರಮದ ಆ ಹುಡುಗನ ಮಾತು ಉಳಿಯಿತು. ಎರಡನೆಯ ದಿನ ಪಾಠ ಮತ್ತೆ ಅದೇ ಸಾಲಿಗೆ ಬಂತು. ಮೊದಲ ಸಲ ತಪ್ಪಿದ, ಎರಡನೆಯ ಸಲಕ್ಕೆ ಸಿಕ್ಕಿತು. ಗುರುಗಳು ಏನೂ ಹೇಳದೆ ತಾಳ ಹಾಕುತ್ತಾ ಮುಂದುವರಿದರು. ನಮ್ಮ ಕಾರ್ಯಕ್ರಮದಲ್ಲಿ ನೀವು ಇದನ್ನು ಕಂಡಿರಲಾರಿರಿ. ಅಷ್ಟು ಹೊತ್ತಿಗೆ ನಾವು ದೀಪಗಳನ್ನು ಬಿಚ್ಚಿ ಪೆಟ್ಟಿಗೆಗೆ ತುಂಬುತ್ತಿದ್ದೆವು.