ಸೊಲ್ಲಾಪುರದ ಕೋಟೆಗಾಗಿ ಹರಿದ ನೆತ್ತರು



ಪ್ರಾಚೀನ ಗ್ರೀಸಿನ ಅಥೆನ್ಸ್ ಮತ್ತು ಸ್ಪಾರ್ಟಾಗಳ ಜನರು ಒಂದೇ ಭಾಷೆಯನ್ನಾಡುತ್ತಿದ್ದರು, ಒಂದೇ ದೇವತೆಗಳನ್ನು ಪೂಜಿಸುತ್ತಿದ್ದರು. ಆದರೂ ಕ್ರಿ.ಪೂ. 431ರಲ್ಲಿ ಯುದ್ಧಕ್ಕಿಳಿದರು. ಅಥೆನ್ಸಿನ ಬಲ ಬೆಳೆದುದೂ ಅದನ್ನು ಕಂಡು ಸ್ಪಾರ್ಟಾ ಹೆದರಿದುದೂ ನಿಜವಾದ ಕಾರಣವೆಂದು ಅಂದಿನ ಇತಿಹಾಸಕಾರ ಥುಸಿಡಿಡೀಸ್ ಬರೆದಿದ್ದಾನೆ.

1565ರ ರಕ್ಕಸಗಿ-ತಂಗಡಗಿ ಯುದ್ಧದ ಮಾತು ಬಂದಾಗ ಮಾತ್ರ ನಾವು ಧರ್ಮದ ಕಾರಣವನ್ನೇ ಹುಡುಕುತ್ತೇವೆ. ದೇವರಮನೆಯ ಈ ಗುಡ್ಡಗಳ ಸೀಮೆಯೂ ಅಂದು ವಿಜಯನಗರದ ಸಾಮಂತರಾದ ಬೇಲೂರು ನಾಯಕರದಾಗಿತ್ತು. ಈ ಕತೆ ನಮಗೆ ದೂರದ್ದಲ್ಲ.

ಬಿಜಾಪುರ, ಅಹ್ಮದ್‌ನಗರಗಳೆರಡೂ ಮುಸ್ಲಿಮ್ ಅರಸುಮನೆತನಗಳು. ಆದರೂ ಸೊಲ್ಲಾಪುರದ ಕೋಟೆಗಾಗಿ ವರ್ಷಗಟ್ಟಲೆ ಕಾದಾಡಿದವು. ಅಹ್ಮದ್‌ನಗರವನ್ನು ಮಣಿಸಲು ಅಲಿ ಆದಿಲ್ ಶಾಹನು ಸ್ವತಃ ವಿಜಯನಗರಕ್ಕೆ ಹೋಗಿ ಅಳಿಯ ರಾಮರಾಯನ ನೆರವು ಕೋರಿದನು. ಗೋಲ್ಕೊಂಡದ ಇಬ್ರಾಹೀಮ್ ಕುತುಬ್ ಶಾಹನಂತೂ ಪಟ್ಟವೇರುವ ಮೊದಲು ಏಳು ವರ್ಷ ರಾಮರಾಯನ ಆಶ್ರಯದಲ್ಲಿಯೇ ಇದ್ದನು. ಆಗ ಯಾರಿಗೂ ಧರ್ಮ ಅಡ್ಡಬರಲಿಲ್ಲ!

ಒಬ್ಬರನ್ನು ಇನ್ನೊಬ್ಬರ ಮೇಲೆ ಎತ್ತಿಕಟ್ಟುತ್ತಲೇ ರಾಮರಾಯನು ಬೆಳೆದನು. ಹೆದರಿದ ಸುಲ್ತಾನರು ಹಳೆಯ ಹಗೆಯನ್ನು ಬದಿಗಿಟ್ಟರು. ಅಹ್ಮದ್‌ನಗರದ ಚಾಂದ್ ಬೀಬಿ ಬಿಜಾಪುರದ ರಾಣಿಯಾದಳು. ಅದೇ ಸೊಲ್ಲಾಪುರ ಬಳುವಳಿಯಾಯಿತು. (ಬಳುವಳಿಯ ಪಿಡುಗು ಅರಮನೆಗಳನ್ನೂ ಬಿಟ್ಟಿರಲಿಲ್ಲ.) ರಣರಂಗದಲ್ಲಿ ರಾಮರಾಯನ ಸೈನ್ಯದಲ್ಲಿಯೂ ಮುಸ್ಲಿಮ್ ಸೈನಿಕರಿದ್ದರು. ಇದು ಎರಡು ಧರ್ಮಗಳ ಕಾಳಗವಾಗಿದ್ದರೆ ಅವರು ಅಲ್ಲೇಕಿದ್ದರು?

ಗೆದ್ದವರ ಒಗ್ಗಟ್ಟು ಹೆಚ್ಚು ಕಾಲ ಬಾಳಲಿಲ್ಲ. 1636ರಲ್ಲಿ ಅಹ್ಮದ್‌ನಗರದ ರಾಜ್ಯವನ್ನು ಮೊಗಲರೊಂದಿಗೆ ಹಂಚಿಕೊಂಡ ಬಿಜಾಪುರವು, 1686ರಲ್ಲಿ ತಾನೇ ಔರಂಗಜೇಬನ ಪಾಲಾಯಿತು.